ನಿಮಗೆ ಒಪ್ಪುವ ಸೀರೆ ಆರಿಸುವುದು ಹೇಗೆ: ಬಟ್ಟೆ, ಅಂಚು, ಬಣ್ಣ, ಬ್ಲೌಸು

ತಂಗಿಯ ಮದುವೆಗೆಂದು ನಾನೊಂದು ಮಾವಿನಹಣ್ಣಿನ ಬಣ್ಣದ ರೇಷ್ಮೆ ಸೀರೆ ತಂದಿದ್ದೆ. ಅಂಗಡಿಯ ಕನ್ನಡಿಯಲ್ಲಿ ಝಗಮಗ ಅಂತಿತ್ತು. ಧಾರೆಯ ದಿನ ಬೆಳಗ್ಗೆ ಉಟ್ಟುಕೊಂಡು ಛತ್ರದ ಅಂಗಳಕ್ಕೆ ಬಂದರೆ ದೊಡ್ಡಮ್ಮ ಕೇಳಿದ ಮೊದಲ ಮಾತು: "ಯಾಕೆ ಪುಟ್ಟಿ, ಮೈ ಹುಷಾರಿಲ್ವಾ?" ಫೋಟೊ ಕೈಗೆ ಬಂದ ಮೇಲೆ ದೊಡ್ಡಮ್ಮನದೇನೂ ತಪ್ಪಿಲ್ಲ ಅನ್ನಿಸಿತು. ಅದರಲ್ಲಿ ನಾನು ಕಾಮಾಲೆಯಿಂದ ಎದ್ದು ಬಂದವಳ ಹಾಗಿದ್ದೆ.

ಸೀರೆ ಚೆನ್ನಾಗಿಯೇ ಇತ್ತು. ನಾನು ಆರಿಸಿದ ಕ್ರಮ ತಪ್ಪಾಗಿತ್ತು. ನಾವೆಲ್ಲ ಅಂಗಡಿಯಲ್ಲಿ ಮೊದಲು ಬಣ್ಣ ನೋಡುತ್ತೇವೆ, ಆಮೇಲೆ ಬೆಲೆ, ಆಮೇಲೆ ಅಂಚು. ಬಟ್ಟೆ ಮೈಮೇಲೆ ಹೇಗೆ ಬೀಳುತ್ತದೆ ಅನ್ನುವುದು ಉಟ್ಟ ಮೇಲೆ ಗೊತ್ತಾಗುತ್ತದೆ. ಬ್ಲೌಸಿನ ಯೋಚನೆಯಂತೂ ಟೈಲರ್ ಹತ್ತಿರ ಹೋದಾಗ. ಈ ಕ್ರಮವನ್ನು ಹೆಚ್ಚುಕಡಿಮೆ ತಿರುವಿ ಹಾಕಬೇಕು. ಮೊದಲು ಬಟ್ಟೆ, ಆಮೇಲೆ ಅಂಚು, ಆಮೇಲೆ ಬಣ್ಣ. ಬಣ್ಣದಲ್ಲೂ ಐದೂವರೆ ಮೀಟರಿನ ಲೆಕ್ಕ ಬೇಡ, ಮುಖದ ಸುತ್ತ ಬರುವ ಒಂದು ಗೇಣು ಬಟ್ಟೆಯ ಲೆಕ್ಕ ಹಾಕಿ. ಸೀರೆ ಒಪ್ಪುತ್ತದೋ ಇಲ್ಲವೋ ಅನ್ನುವುದು ಬಹುಪಾಲು ತೀರ್ಮಾನವಾಗುವುದು ಆ ಒಂದು ಗೇಣಿನಲ್ಲೇ.

ಮನೆಯಲ್ಲೇ ಮಾಡುವ ಕೆಲಸ: ಒಂದು ಟೇಪು, ಎರಡು ಪಂಚೆ

ಸೀರೆಯ ಜೊತೆ ಹಾಕುವ ಚಪ್ಪಲಿ ಮೆಟ್ಟಿಕೊಂಡು ನಿಂತುಕೊಳ್ಳಿ. ಲಂಗದ ದಾರ ಕಟ್ಟುವ ಜಾಗದಿಂದ ನೆಲದವರೆಗೆ ಎಷ್ಟು ಇಂಚು ಅಂತ ಅಳೆಸಿ, ಮೊಬೈಲಿನಲ್ಲಿ ಬರೆದಿಡಿ. ನನ್ನ ಎತ್ತರ ಐದು ಅಡಿ ಒಂದು ಇಂಚು, ಈ ಅಳತೆ 37 ಇಂಚು. ಸೀರೆಯ ಅಗಲ ಸಾಮಾನ್ಯವಾಗಿ 45ರಿಂದ 47 ಇಂಚು ಇರುತ್ತದೆ. 46 ಅಂತಿಟ್ಟುಕೊಂಡರೆ ನನ್ನ ಸೀರೆಯಲ್ಲಿ 9 ಇಂಚು ಒಳಗೆ ಸಿಕ್ಕಿಸಿ ಹೋಗುತ್ತದೆ. ಅಂಗಡಿಯವರು ಹರಡಿ ತೋರಿಸುವುದು ಒಂದು ಸೀರೆ, ಊರಿಗೆ ಕಾಣುವುದು ಇನ್ನೊಂದು. ಈ ಸಂಖ್ಯೆ ಅಂಚಿನ ವಿಷಯ ಬಂದಾಗ ಬೇಕಾಗುತ್ತದೆ.

ಈಗ ಬಣ್ಣ. ಬೆಳಗ್ಗೆ ಒಂಬತ್ತು ಹತ್ತು ಗಂಟೆಗೆ, ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಕನ್ನಡಿ ಇಟ್ಟುಕೊಳ್ಳಿ. ಮುಖ ತೊಳೆದಿರಬೇಕು, ಪೌಡರ್ ಕೂಡ ಬೇಡ. ಎರಡು ಬಟ್ಟೆ ಬೇಕು. ಮನೆಯಲ್ಲಿರುವ ಹೊಸ ಹತ್ತಿ ಪಂಚೆ ಒಂದು, ಅದು ಹಾಲಿನಂಥ ಬಿಳಿ. ಮದುವೆ ಮುಂಜಿಗೆ ಉಡುವ ರೇಷ್ಮೆ ಪಂಚೆ ಇನ್ನೊಂದು, ಅದು ಕೆನೆ ಬಣ್ಣ. ಒಂದಾದ ಮೇಲೆ ಒಂದನ್ನು ಗದ್ದದ ಕೆಳಗೆ ಹಿಡಿಯಿರಿ. ಬಟ್ಟೆ ನೋಡಬೇಡಿ, ಮುಖ ನೋಡಿ. ಕಣ್ಣಿನ ಕೆಳಗಿನ ಕಪ್ಪು, ಬಾಯಿಯ ಸುತ್ತಲಿನ ಛಾಯೆ, ಹಣೆಯ ಮೇಲಿನ ಕಲೆ ಯಾವುದರ ಜೊತೆ ಕಡಿಮೆ ಕಾಣುತ್ತದೆ? ಕೆನೆ ಬಣ್ಣದಲ್ಲಿ ಮುಖ ತಿಳಿಯಾದರೆ ನಿಮ್ಮ ಮೈಬಣ್ಣದ ಒಳಗೆ ಹಳದಿಯ ಒಲವು ಜಾಸ್ತಿ. ಹಾಲು ಬಿಳಿಯಲ್ಲಿ ತಿಳಿಯಾದರೆ ಗುಲಾಬಿಯ ಅಥವಾ ನೀಲಿಯ ಒಲವು. ಎರಡರಲ್ಲೂ ಏನೂ ವ್ಯತ್ಯಾಸ ಕಾಣದಿದ್ದರೆ ನೀವು ನಡುವಿನವರು, ತಲೆ ಕೆಡಿಸಿಕೊಳ್ಳಬೇಡಿ, ಎರಡೂ ನಡೆಯುತ್ತದೆ. ಜರಿಯನ್ನೂ ಹೀಗೇ ನೋಡಬಹುದು: ಚಿನ್ನದ ಜರಿಯ ಸೆರಗು ಒಂದು ಸಲ, ಬೆಳ್ಳಿ ಜರಿಯದು ಒಂದು ಸಲ.

ಇಲ್ಲೊಂದು ಮಾತು. ಈ ಒಲವಿಗೂ ಕಪ್ಪು ಬಿಳುಪಿಗೂ ಸಂಬಂಧವಿಲ್ಲ. ಎಣ್ಣೆಗಪ್ಪು ಬಣ್ಣದವರಲ್ಲೂ ಎರಡೂ ಥರದವರಿದ್ದಾರೆ, ಬೆಳ್ಳಗಿರುವವರಲ್ಲೂ ಇದ್ದಾರೆ. ಮಣಿಕಟ್ಟಿನ ನರ ಹಸಿರೋ ನೀಲಿಯೋ ಅಂತ ನೋಡುವ ಪರೀಕ್ಷೆ ಎಲ್ಲ ಕಡೆ ಓಡಾಡುತ್ತಿದೆ. ಕಂದು ಮೈಬಣ್ಣದಲ್ಲಿ ನರದ ಬಣ್ಣ ಸರಿಯಾಗಿ ಕಾಣುವುದೇ ಇಲ್ಲ, ಅದನ್ನು ಬಿಟ್ಟುಬಿಡಿ. ಜನರನ್ನು ವಸಂತ, ಬೇಸಿಗೆ, ಶರತ್, ಚಳಿಗಾಲ ಅಂತ ನಾಲ್ಕು ಗುಂಪು ಮಾಡುವ ಪದ್ಧತಿಯೂ ಇದೆ. ಅದು ಹೊಂಬಣ್ಣದ ಕೂದಲು, ನೀಲಿ ಕಣ್ಣು, ಕೆಂಚು ಕೂದಲು ಎಲ್ಲ ಇರುವ ಪಶ್ಚಿಮದ ಜನರನ್ನು ನೋಡಿ ಕಟ್ಟಿದ್ದು. ನಮ್ಮಲ್ಲಿ ಹೆಚ್ಚಿನವರಿಗೆ ಕೂದಲೂ ಕಪ್ಪು, ಕಣ್ಣೂ ಕಪ್ಪು ಅಥವಾ ಕಡುಗಂದು. ಆ ಲೆಕ್ಕದಲ್ಲಿ ಹೊರಟರೆ ಅರ್ಧ ಕರ್ನಾಟಕ ಒಂದೇ ಗುಂಪಿಗೆ ಬಂದು ಬೀಳುತ್ತದೆ.

ಬಟ್ಟೆ ಮೊದಲು

ಎರಡು ಬೆರಳಲ್ಲಿ ಸೀರೆಯ ನಡುವೆ ಹಿಡಿದು ಎತ್ತಿ. ಕೆಳಗೆ ಜೋತು ಬಿದ್ದ ಬಟ್ಟೆ ನೇರವಾಗಿ ಇಳಿಯಿತಾ, ಕೊಡೆಯ ಹಾಗೆ ಅಗಲವಾಗಿ ನಿಂತಿತಾ? ಉಟ್ಟಾಗ ಸೊಂಟದ ಸುತ್ತಲೂ ಅದು ಮಾಡುವುದು ಇದನ್ನೇ.

ಮೈಸೂರು ಸಿಲ್ಕ್ ನೇರವಾಗಿ ಇಳಿಯುವ ಜಾತಿ. ಅದರ ನೂಲನ್ನು ತುಂಬ ಬಿಗಿಯಾಗಿ ಹೊಸೆದಿರುತ್ತಾರೆ, ಅದಕ್ಕೇ ಕ್ರೇಪ್ ಅನ್ನುವುದು. ಹೊಸೆದ ನೂಲು ಬಟ್ಟೆಯಲ್ಲಿ ಸೆಟೆದು ನಿಲ್ಲುವುದಿಲ್ಲ, ಭಾರಕ್ಕೆ ಜಾರಿ ಇಳಿಯುತ್ತದೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಮೈಸೂರಿನಲ್ಲಿ ಶುರುವಾದ ಕಾರ್ಖಾನೆಯಿಂದ ಇವತ್ತಿನವರೆಗೂ ಈ ಸೀರೆಗೆ ಬೇಡಿಕೆ ಇಳಿದಿಲ್ಲ. ದಪ್ಪಗಿರುವವರಿಗೂ ಕುಳ್ಳಗಿರುವವರಿಗೂ ನೆರಿಗೆ ಅಚ್ಚುಕಟ್ಟಾಗಿ ಕೂರುವುದು ಅದಕ್ಕೊಂದು ಕಾರಣ ಅಂತ ನನ್ನ ಲೆಕ್ಕ. ಒಂದು ತೊಂದರೆ ಇದೆ. ಮೈಗೆ ಅಂಟಿ ಕೂರುವುದರಿಂದ ಲಂಗದ ಗಂಟು, ಬಿಗಿಯಾದ ಎಲಾಸ್ಟಿಕ್ಕು ಎಲ್ಲವನ್ನೂ ಅದು ಊರಿಗೆ ತೋರಿಸುತ್ತದೆ. ಜಾರ್ಜೆಟ್, ಶಿಫಾನ್ ಕೂಡ ಹೀಗೇ.

ತೆಳ್ಳಗಿದ್ದು "ಬಟ್ಟೆಯಲ್ಲಿ ತುಂಬಿಕೊಂಡು ಕಾಣಬೇಕು" ಅನ್ನುವವರಿಗೆ ನಿಂತುಕೊಳ್ಳುವ ಬಟ್ಟೆ ಬೇಕು. ಗಂಜಿ ಹಾಕಿದ ಹತ್ತಿ, ಇಳಕಲ್, ಟಸರ್, ಆರ್ಗಂಜಾ, ಟಿಶ್ಯೂ. ಇವು ಮೈಯಿಂದ ಸ್ವಲ್ಪ ದೂರ ನಿಲ್ಲುತ್ತವೆ. ಸೊಂಟದ ಭಾಗ ಅಗಲ ಇರುವವರು ಇವನ್ನೇ ಉಟ್ಟರೆ ಇನ್ನೆರಡು ಇಂಚು ಸೇರಿದ ಹಾಗೆ. ಹತ್ತಿಯೇ ಬೇಕು ಅನ್ನುವವರು ಉಡುಪಿ ಸೀರೆಯಂಥ ತೆಳು, ಮೆದು ಹತ್ತಿ ನೋಡಿ, ಗಂಜಿಯನ್ನು ತಿಳಿಯಾಗಿ ಹಾಕಿ. ಕಾಂಚೀಪುರದ ಹೊಸ ಸೀರೆ ಸೆಟೆದುಕೊಂಡಿರುತ್ತದೆ, ನಾಲ್ಕೈದು ಸಲ ಉಟ್ಟ ಮೇಲೆ ಮಾತು ಕೇಳುತ್ತದೆ. ಅಮ್ಮನ ಹಳೇ ರೇಷ್ಮೆ ಸೀರೆ ನಮ್ಮ ಹೊಸದಕ್ಕಿಂತ ಚೆನ್ನಾಗಿ ಕೂರುವುದು ಸುಮ್ನೆ ಅಲ್ಲ.

ಅಂಚು, ಗೆರೆ, ಹೂವು

ಬರೆದಿಟ್ಟ ಸಂಖ್ಯೆ ಈಗ ತೆಗೆಯಿರಿ. ನನ್ನ 37 ಇಂಚಿನಲ್ಲಿ 12 ಇಂಚಿನ ದೊಡ್ಡಂಚು ಬಂದರೆ ಮೂರನೇ ಒಂದು ಪಾಲು ಅಂಚೇ ಆಯಿತು. ನೋಡುವವರ ಕಣ್ಣು ಅಲ್ಲೇ ನಿಲ್ಲುತ್ತದೆ, ಕಾಲು ಅರ್ಧಕ್ಕೆ ಕತ್ತರಿಸಿದ ಹಾಗೆ ಕಾಣುತ್ತದೆ. ನಾನು ಪಾಲಿಸುವ ಅಂದಾಜು ಇಷ್ಟು: ಅಂಚಿನ ಮೇಲಿನ ಗೆರೆ ಮೀನಖಂಡದ ನಡುವಿಗಿಂತ ಕೆಳಗೇ ಮುಗಿಯಬೇಕು. ಕುಳ್ಳಗಿದ್ದೂ ದೊಡ್ಡಂಚೇ ಇಷ್ಟವಾದರೆ ಒಡಲಿನ ಬಣ್ಣಕ್ಕೆ ಹತ್ತಿರದ ಅಂಚು ಆರಿಸಿ. ಮರೂನ್ ಒಡಲಿಗೆ ಕುಂಕುಮದ ಬಣ್ಣದ ಅಂಚು ಅನ್ನಿ. ಬಣ್ಣ ಎಗರಿ ಕಾಣದಿದ್ದರೆ ಅಗಲವೂ ಅಷ್ಟಾಗಿ ಕಾಣುವುದಿಲ್ಲ. ಎತ್ತರದವರಿಗೆ ಈ ಕಟ್ಟುಪಾಡು ಇಲ್ಲ, ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿ ಒಪ್ಪುತ್ತದೆ.

ಇನ್ನೊಂದು ಅಂಚು ಸೊಂಟದೊಳಗೆ ಹೋಗುತ್ತದೆ ಅಂತ ಮರೆಯುವುದು ಸಹಜ. ಆದರೆ ಸೆರಗಿನ ಕಡೆ ಅದು ಹೊರಗೆ ಬರುತ್ತದೆ. ನೆರಿಗೆ ಹಿಡಿದು ಪಿನ್ ಹಾಕಿದ ಸೆರಗಿನಲ್ಲಿ ಎಲ್ಲಕ್ಕಿಂತ ಮೇಲೆ, ಹೆಗಲ ಮೇಲೆ, ಕತ್ತಿನ ಪಕ್ಕ ಕೂರುವುದು ಅಂಚೇ. ಅಂದರೆ ಆ ಒಂದು ಗೇಣಿನಲ್ಲಿ ಒಡಲಿನ ಬಣ್ಣಕ್ಕಿಂತ ಅಂಚಿನ ಬಣ್ಣ ಜಾಸ್ತಿ. ನೆರಿಗೆ ಹಿಡಿಯದೆ ಒಂಟಿ ಸೆರಗು ಬಿಟ್ಟರೆ ಲೆಕ್ಕ ಬದಲಾಗುತ್ತದೆ, ಆಗ ಎದೆಯ ಮೇಲೆಲ್ಲ ಒಡಲಿನ ಬಣ್ಣವೇ ಹರಡುತ್ತದೆ.

ಗೆರೆಗಳ ಬಗ್ಗೆ ಜನಜನಿತ ಮಾತೊಂದಿದೆ: ಅಡ್ಡ ಗೆರೆ ದಪ್ಪ ಮಾಡುತ್ತದೆ, ಉದ್ದ ಗೆರೆ ತೆಳ್ಳಗೆ ಮಾಡುತ್ತದೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1860ರ ದಶಕದಲ್ಲೇ ಇದಕ್ಕೆ ತದ್ವಿರುದ್ಧವಾದದ್ದನ್ನು ಬರೆದಿದ್ದರು. ಒಂದೇ ಅಳತೆಯ ಎರಡು ಚೌಕಗಳಲ್ಲಿ ಅಡ್ಡ ಗೆರೆಯದು ಹೆಚ್ಚು ಎತ್ತರವಾಗಿ, ಕಡಿಮೆ ಅಗಲವಾಗಿ ಕಾಣುತ್ತದೆ. 2011ರಲ್ಲಿ ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದವರು ಹೆಂಗಸರ ಚಿತ್ರಗಳನ್ನಿಟ್ಟು ನೋಡಿದಾಗಲೂ ಅಡ್ಡ ಗೆರೆ ದಪ್ಪ ಕಾಣಿಸುತ್ತದೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಹಾಗಾಗಿ ಗೆರೆಗೆ ಹೆದರಬೇಡಿ. ಹೆದರಬೇಕಾದ್ದು ಬೇರೆ: ಸೀರೆಯಲ್ಲಿ ಗೆರೆಯ ದಿಕ್ಕೇ ತಿರುಗುತ್ತದೆ. ಸೀರೆಯ ಉದ್ದಕ್ಕೂ ಓಡುವ ಗೆರೆ ಉಟ್ಟಾಗ ಕಾಲಿನ ಸುತ್ತ ಅಡ್ಡವಾಗುತ್ತದೆ, ಎದೆಯ ಮೇಲೆ ಓರೆಯಾಗಿ ಹೆಗಲಿಗೆ ಏರುತ್ತದೆ. ಅಗಲಕ್ಕೆ ಇರುವ ಗೆರೆ ಕಾಲಿನ ಮೇಲೆ ನೆಟ್ಟಗೆ ನಿಲ್ಲುತ್ತದೆ. ಮಡಿಸಿಟ್ಟ ಸೀರೆ ನೋಡಿ ಇದನ್ನು ಊಹಿಸುವುದು ಕಷ್ಟ, ಸುತ್ತಿಕೊಂಡೇ ನೋಡಬೇಕು.

ಹೂವು, ಬುಟ್ಟಾಗಳಿಗೆ ನನ್ನ ಅಳತೆ ಅಂಗೈ. ಅಂಗೈಗಿಂತ ದೊಡ್ಡ ಹೂವು ಸಣ್ಣ ಆಳಿನ ಮೇಲೆ ಎರಡೋ ಮೂರೋ ಅಷ್ಟೇ ಹಿಡಿಸುತ್ತದೆ, ಅದರಲ್ಲೂ ಒಂದು ಸರಿಯಾಗಿ ಹೊಟ್ಟೆಯ ಮೇಲೇ ಬಂದು ಕೂರುತ್ತದೆ.

ಆ ಒಂದು ಗೇಣಿನ ಬಣ್ಣ

ಫ್ರಾನ್ಸಿನಲ್ಲಿ ಷೆವ್ರೋಲ್ ಅಂತ ಒಬ್ಬ ರಸಾಯನ ವಿಜ್ಞಾನಿ ಇದ್ದರು. ಪ್ಯಾರಿಸ್ಸಿನ ಗೊಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ಅವರ ಕೈಯಲ್ಲಿತ್ತು. ಕಪ್ಪು ನೂಲಿನ ಬಣ್ಣ ಮಂಕು ಅಂತ ದೂರು ಬಂತು. ಬಣ್ಣ ಪರೀಕ್ಷಿಸಿದರೆ ಏನೂ ಕೊರತೆಯಿಲ್ಲ. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆ ನೂಲಿನಿಂದ ಕಪ್ಪು ಮಂಕಾಗಿ ಕಾಣುತ್ತಿತ್ತು. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಿಸಿ ತೋರಿಸುತ್ತವೆ ಅಂತ ಅವರು 1839ರಲ್ಲಿ ವಿವರವಾಗಿ ಪ್ರಕಟಿಸಿದರು. ನಮ್ಮ ಮುಖವೂ ಆ ಕಪ್ಪು ನೂಲಿನ ಹಾಗೇ. ಕತ್ತಿನ ಬಳಿಯ ಬಣ್ಣ ಅದನ್ನು ತನ್ನ ಎದುರು ಬಣ್ಣದ ಕಡೆಗೆ ತಳ್ಳುತ್ತದೆ. ಹೊಳೆಯುವ ರೇಷ್ಮೆಯದು ಇನ್ನೊಂದು ಕೆಲಸ, ಅದು ತನ್ನ ಬೆಳಕನ್ನೇ ಗದ್ದದ ಕೆಳಗೆ ಚೆಲ್ಲುತ್ತದೆ. ನನ್ನ ಮಾವಿನ ಬಣ್ಣದ ಸೀರೆ ಮಾಡಿದ್ದು ಅದೇ, ಹಳದಿ ಬೆಳಕನ್ನು ಹಳದಿ ಮುಖದ ಮೇಲೆ ಸುರಿದಿತ್ತು.

"ಕಪ್ಪಗಿದ್ದೀಯ, ತಿಳಿ ಬಣ್ಣ ತಗೋ" ಅನ್ನುವ ಉಪದೇಶ ಪ್ರತಿ ಅಂಗಡಿಯಲ್ಲೂ, ಪ್ರತಿ ಮನೆಯಲ್ಲೂ ಕೇಳಿಬರುತ್ತದೆ. ನನಗೆ ಇದರಷ್ಟು ಸಿಟ್ಟು ಬರಿಸುವ ಮಾತು ಇನ್ನೊಂದಿಲ್ಲ. ಕಡು ಮೈಬಣ್ಣಕ್ಕೆ ಕುಂಕುಮ ಕೆಂಪು, ಸಾಸಿವೆ ಹಳದಿ, ನವಿಲು ನೀಲಿ, ಬಾಟಲ್ ಹಸಿರು, ರಾಣಿ ಪಿಂಕ್ ಎಷ್ಟು ಚೆನ್ನಾಗಿ ಒಪ್ಪುತ್ತದೆ ಅಂದರೆ, ಬೇರೆಯವರ ಮೇಲೆ ಕಣ್ಣು ಚುಚ್ಚುವ ಬಣ್ಣಗಳು ಇಲ್ಲಿ ಹದವಾಗಿ ನಿಲ್ಲುತ್ತವೆ. ಅಪ್ಪಟ ಬಿಳಿಯೂ ಚೆನ್ನ. ಒಪ್ಪದಿರುವುದು ಹೆಚ್ಚಾಗಿ ನಡುವಿನವು: ತಿಳಿಗಂದು, ಬೂದಿ ಬೆರೆತ ಗುಲಾಬಿ, ಈರುಳ್ಳಿ ಸಿಪ್ಪೆಯ ಬಣ್ಣ. ಅವು ತಿಳಿ ಅನ್ನುವ ಕಾರಣಕ್ಕೇ ಅಂಗಡಿಯವರು ಕೊಡುವುದು, ಆದರೆ ಬಣ್ಣದಲ್ಲಿ ಕಸುವಿಲ್ಲ.

ಗೋಧಿ ಬಣ್ಣದವರು ದೂರವಿಡಬೇಕಾದ್ದು ತಮ್ಮ ಮೈಬಣ್ಣಕ್ಕೆ ತೀರಾ ಹತ್ತಿರದ ಬಣ್ಣಗಳನ್ನು. ಮಾವು, ಜೇನು, ಗಂಧ, ಮಾಸಲು ಹೊಂಬಣ್ಣ. ಬಟ್ಟೆ ಎಲ್ಲಿ ಮುಗಿಯಿತು, ಮೈ ಎಲ್ಲಿ ಶುರುವಾಯಿತು ಅಂತ ಗೊತ್ತಾಗದಿದ್ದರೆ ಮುಖ ಕಳೆದುಹೋಗುತ್ತದೆ. ಗಿಳಿ ಹಸಿರು, ನೇರಳೆ, ಇಟ್ಟಿಗೆ ಕೆಂಪು, ಕಡುನೀಲಿ ಧೈರ್ಯವಾಗಿ ತಗೊಳ್ಳಿ. ಬೆಳ್ಳಗಿರುವವರಿಗೆ ಎಲ್ಲವೂ ಒಪ್ಪುತ್ತದೆ ಅನ್ನುವುದೂ ಸುಳ್ಳು. ಗುಲಾಬಿ ಒಲವಿನ ಮುಖಕ್ಕೆ ಕಡುಕಿತ್ತಳೆ ಹಿಡಿದು ನೋಡಿ, ಬಿಸಿಲಲ್ಲಿ ನಡೆದು ಬಂದವರ ಹಾಗೆ ಕೆಂಡವಾಗುತ್ತದೆ.

ಕೂದಲು ನರೆತರೆ ಇಡೀ ಲೆಕ್ಕ ಬದಲಾಗುತ್ತದೆ. ಕಪ್ಪು ಕೂದಲಿದ್ದಾಗ ಮುಖಕ್ಕೆ ಒಂದು ಚೌಕಟ್ಟು ಇತ್ತು, ಈಗ ಅದು ಬೆಳ್ಳಿಯಾಗಿದೆ. ಬೆಳ್ಳಿ ಜರಿ, ನೀಲಿ, ನೇರಳೆ, ಮರೂನ್ ಆಗ ಮೊದಲಿಗಿಂತ ಚೆನ್ನಾಗಿ ಕೂರುತ್ತವೆ. "ವಯಸ್ಸಾಯ್ತು, ಇನ್ನೇನಿದ್ದರೂ ಬೂದು ಬಣ್ಣ" ಅನ್ನುವವರ ಮಾತು ಕೇಳಬೇಡಿ.

ಒಂದು ಬಣ್ಣ ಇಷ್ಟ, ಆದರೆ ಮುಖಕ್ಕೆ ಒಪ್ಪುತ್ತಿಲ್ಲ ಅನ್ನುವವರು ಇಳಕಲ್ ಸೀರೆಯನ್ನು ಗಮನಿಸಿ. ಸಂಪ್ರದಾಯದ ಇಳಕಲ್‌ನಲ್ಲಿ ಒಡಲು ಹಸಿರಿರಲಿ, ಕಪ್ಪು ಚಂದ್ರಕಾಳಿ ಇರಲಿ, ಸೆರಗು ಮಾತ್ರ ಬಿಳಿ ತೆನೆಗಳ ಕೆಂಪು. ಒಡಲಿನ ಹಾಸಿಗೂ (ಅಂದರೆ ಉದ್ದದ ನೂಲಿಗೂ) ಸೆರಗಿನ ಹಾಸಿಗೂ ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ಸಂತೆಗೆ ಬಂದ ನೂರು ಹೆಂಗಸರು ನೂರು ಬಣ್ಣ ಉಟ್ಟಿದ್ದರೂ ಮುಖದ ಪಕ್ಕ ಎಲ್ಲರಿಗೂ ಆ ಕೆಂಪೇ. ಅದರ ಜೊತೆ ಗುಳೇದಗುಡ್ಡದ ಖಣದ ಕುಪ್ಪಸ. ಒಂದು ಗೇಣಿನ ವಿಷಯ ಬಾಗಲಕೋಟೆ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಅಂಗಡಿಯಲ್ಲಿ

ಸೀರೆ ಅಂಗಡಿಯ ಬೆಳಕನ್ನು ನಂಬಬೇಡಿ. ಹಳದಿ ದೀಪ ಕೆಂಪನ್ನೂ ಜರಿಯನ್ನೂ ಮೆರೆಸುತ್ತದೆ, ಬಿಳಿ ದೀಪ ನೀಲಿಯನ್ನು. ಎರಡು ಮೂರು ಸೀರೆ ಆರಿಸಿಕೊಂಡು ಬಾಗಿಲ ಹತ್ತಿರ ನಡೆಯಿರಿ. "ಹೊರಗೆ ಒಂದ್ಸಲ ನೋಡ್ತೀನಿ" ಅಂದರೆ ಯಾವ ಅಂಗಡಿಯವರೂ ಬೇಡ ಅನ್ನುವುದಿಲ್ಲ, ಒಬ್ಬ ಹುಡುಗ ಸೀರೆ ಹಿಡಿದು ಜೊತೆಗೆ ಬರುತ್ತಾನೆ ಅಷ್ಟೇ. ಸೆರಗನ್ನು ಹೆಗಲಿಗೆ ಹಾಕಿ, ಅಂಚನ್ನು ಕತ್ತಿನ ಪಕ್ಕ ತಂದು ಒಂದು ಫೋಟೊ ತೆಗೆಸಿ. ಆ ಫೋಟೊವನ್ನು ಮೊಬೈಲಿನಲ್ಲೇ ಕಪ್ಪುಬಿಳುಪು ಮಾಡಿ ನೋಡಿ. ಮುಖವೂ ಬಟ್ಟೆಯೂ ಒಂದೇ ಬೂದು ಬಣ್ಣವಾಗಿ ಕಂಡರೆ ಆ ಸೀರೆಗೆ ಬೇರೆ ಬಣ್ಣದ ಬ್ಲೌಸು ಖಂಡಿತ ಬೇಕು.

ಮದುವೆಗೆ ಅಂತ ತಗೊಳ್ಳುವುದಾದರೆ ಯಾವ ಹೊತ್ತಿಗೆ ಅನ್ನುವುದೂ ಮುಖ್ಯ. ಧಾರೆಗೆ ಹಗಲ ಬೆಳಕು, ಆರತಕ್ಷತೆಗೆ ಲೈಟಿನ ಬೆಳಕು. ಕಡುನೀಲಿ, ಬದನೆಕಾಯಿ ಬಣ್ಣ ರಾತ್ರಿ ಕಪ್ಪಾಗಿ ಕಾಣುತ್ತವೆ.

ಮ್ಯಾಚಿಂಗ್ ಸೆಂಟರಿಗೆ ಹೋಗುವಾಗ ಸೀರೆಯನ್ನೇ ಹಿಡಿದುಕೊಂಡು ಹೋಗಿ, ಫೋಟೊ ಸಾಲದು. ಅಲ್ಲೂ ಬಾಗಿಲಿಗೆ ಬನ್ನಿ. ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಂಡ ಎರಡು ಹಸಿರು ಬಿಸಿಲಿಗೆ ಬಂದಾಗ ಅಕ್ಕ ತಂಗಿ ಕೂಡ ಆಗಿರುವುದಿಲ್ಲ. ಬಣ್ಣ ಹಾಕಲು ಬಳಸಿದ ವಸ್ತು ಬೇರೆ ಬೇರೆ ಆದಾಗ ಹೀಗಾಗುತ್ತದೆ.

ಬ್ಲೌಸು

ಅರ್ಧ ಸೀರೆ ಇದೇ. ಸೀರೆಯ ಜೊತೆ ಬಂದ ತುಂಡನ್ನೇ ಹೊಲಿಸಬೇಕು ಅಂತ ಯಾವ ಕಾನೂನೂ ಇಲ್ಲ.

ತೋಳಿನ ಉದ್ದಕ್ಕೆ ಒಂದೇ ನಿಯಮ: ತೋಳು ಎಲ್ಲಿ ದಪ್ಪವಿದೆಯೋ ಅಲ್ಲಿ ಬಟ್ಟೆ ಮುಗಿಯಬಾರದು. ಕನ್ನಡಿಯ ಮುಂದೆ ಒಂದು ದುಪಟ್ಟಾವನ್ನು ತೋಳಿಗೆ ಸುತ್ತಿ, ಒಂದೊಂದೇ ಇಂಚು ಕೆಳಗಿಳಿಸಿ ನೋಡಿ. ಹೆಚ್ಚಿನವರಿಗೆ ಮೊಣಕೈಗಿಂತ ಒಂದೆರಡು ಇಂಚು ಮೇಲೆ ಚೆನ್ನಾಗಿ ಕಾಣುತ್ತದೆ. ಕತ್ತು ಗಿಡ್ಡವಿದ್ದರೆ ಮುಂದಿನ ನೆಕ್ ವಿ ಅಥವಾ ಆಳವಾದ ಯು ಇರಲಿ. ಉದ್ದ ಕತ್ತಿನವರಿಗೆ ಬೋಟ್ ನೆಕ್, ಕಾಲರ್ ಎರಡೂ ಒಪ್ಪುತ್ತದೆ. ಎದೆ ತುಂಬಿದವರು ಪ್ರಿನ್ಸೆಸ್ ಕಟ್ (ಎದೆಯ ಮೇಲಿಂದ ಕೆಳಗಿನವರೆಗೆ ಇಳಿಯುವ ಉದ್ದ ಹೊಲಿಗೆ) ಅಥವಾ ಕಟೋರಿ (ಎದೆಗೆ ಬಟ್ಟಲಿನ ಆಕಾರದ ಬೇರೆ ತುಂಡು) ಹೊಲಿಸಿ, ಟಕ್ಸ್ (ಚಿಕ್ಕ ಮಡಿಕೆ ಹೊಲಿಗೆ) ಮಾತ್ರ ಹಾಕಿದರೆ ಎಳೆದುಕೊಳ್ಳುತ್ತದೆ. ಹೆಗಲು ಕಿರಿದಾದವರಿಗೆ ಸ್ವಲ್ಪ ಪಫ್ ಇರುವ ತೋಳು.

ಅಳತೆ ಕೊಡಲು ಹೋಗುವಾಗ ಆ ಸೀರೆಗೆ ಹಾಕುವ ಒಳಉಡುಪನ್ನೇ ಹಾಕಿಕೊಂಡು ಹೋಗಿ. ಹಳೇ ಬ್ಲೌಸನ್ನು "ಇದೇ ಅಳತೆ" ಅಂತ ಕೊಟ್ಟರೆ ಅದರ ತಪ್ಪೂ ಜೊತೆಗೇ ಹೋಗುತ್ತದೆ. ಕಂಕುಳಿನ ಹತ್ತಿರ ಸಡಿಲ ಬಿಟ್ಟರೆ ಕೈ ಆರಾಮಾಗಿ ಎತ್ತಬಹುದು ಅಂತ ಅಂದುಕೊಳ್ಳುತ್ತೇವೆ, ಆಗುವುದು ಉಲ್ಟಾ. ಕಂಕುಳು ಕೆಳಗಿಳಿದಷ್ಟೂ ಕೈ ಎತ್ತಿದಾಗ ಇಡೀ ಬ್ಲೌಸು ಮೇಲೆದ್ದು ಬರುತ್ತದೆ. ಟ್ರಯಲ್ ನೋಡುವಾಗ ಕೈ ಮೇಲೆತ್ತಿ, ಜಡೆ ಕಟ್ಟುವ ಹಾಗೆ ಹಿಂದಕ್ಕೆ ಮಾಡಿ, ಕೂತು, ಬಗ್ಗಿ ನೋಡಿ. ಎರಡೂ ಪಕ್ಕ ಒಳಗೆ ಒಂದಿಂಚಾದರೂ ಬಟ್ಟೆ ಬಿಡಲು ಹೇಳಿ, ಮುಂದಿನ ವರ್ಷಕ್ಕೆ ಬೇಕಾಗುತ್ತದೆ.

ನನ್ನ ಮಾವಿನ ಬಣ್ಣದ ಸೀರೆ ಮೂರು ವರ್ಷ ಬೀರುವಿನಲ್ಲಿ ಮಲಗಿತ್ತು. ಕೊನೆಗೆ ಅದಕ್ಕೆ ಕಡುನೇರಳೆ ರೇಷ್ಮೆಯಲ್ಲಿ, ಕತ್ತಿನ ಬುಡದವರೆಗೆ ಬರುವ ನೆಕ್ ಇಟ್ಟು ಬ್ಲೌಸು ಹೊಲಿಸಿದೆ. ಸೆರಗನ್ನು ನೆರಿಗೆ ಹಿಡಿದು ಹೆಗಲ ತುದಿಗೆ ಪಿನ್ ಹಾಕಿ ಹಳದಿಯನ್ನು ಮುಖದಿಂದ ನಾಲ್ಕು ಬೆರಳು ಆಚೆ ತಳ್ಳಿದೆ. ಗೃಹಪ್ರವೇಶವೊಂದರಲ್ಲಿ ದೊಡ್ಡಮ್ಮ ಸಿಕ್ಕಿ, "ಚೆನ್ನಾಗಿದೆ ಕಣೇ, ಎಷ್ಟು ಕೊಟ್ಟೆ?" ಅಂದರು. ಹಳೇದೇ ಅಂದರೂ ನಂಬದೆ ಸೆರಗು ಮಗುಚಿ ಅಂಚು ನೋಡಿದರು.

ಉಡುವಾಗ

ಮೊದಲು ಚಪ್ಪಲಿ, ಆಮೇಲೆ ಸೀರೆ. ಬರಿಗಾಲಲ್ಲಿ ಉಟ್ಟು ಆಮೇಲೆ ಎರಡಿಂಚಿನ ಹಿಮ್ಮಡಿ ಏರಿದರೆ ಎಷ್ಟು ಒಳ್ಳೆಯ ಸೀರೆಯೂ ಗಿಡ್ಡವಾಗುತ್ತದೆ. ಲಂಗ ಸೊಂಟದ ಹತ್ತಿರ ನೆರಿಗೆಯಿಲ್ಲದ ಕಟ್ಟಿನದ್ದಾಗಿರಲಿ, ಕ್ರೇಪ್ ಮತ್ತು ಜಾರ್ಜೆಟ್‌ಗೆ ಸ್ಯಾಟಿನ್, ಹತ್ತಿಗೆ ಹತ್ತಿ. ಹೊಟ್ಟೆ ಮುಂದಿರುವವರು ದಾರವನ್ನು ಹೊಕ್ಕುಳಿನ ಮಟ್ಟಕ್ಕೆ ಕಟ್ಟಿ. ಕೆಳಗೆ ಕಟ್ಟಿದರೆ ಹೊಟ್ಟೆ ದಾರದ ಮೇಲೆ ಮಡಿಚಿಕೊಂಡು ಕೂರುತ್ತದೆ. ನೆರಿಗೆ ಐದಾರು ಸಾಕು. ಅದನ್ನು ಹೊಟ್ಟೆಯ ನಟ್ಟನಡುವೆ ಗುಡ್ಡೆ ಹಾಕದೆ ಎರಡು ಬೆರಳಷ್ಟು ಎಡಕ್ಕೆ ಸರಿಸಿ, ಚಪ್ಪಟೆ ಮಾಡಿ ಸಿಕ್ಕಿಸಿ.

ಹೊರಡುವ ಮೊದಲು ಯಾರ ಕೈಲಾದರೂ ಹಿಂದಿನಿಂದ ಒಂದು ಫೋಟೊ ತೆಗೆಸಿ. ಆಮೇಲೆ ಕುರ್ಚಿಯಲ್ಲಿ ಐದು ನಿಮಿಷ ಕೂತು ಎದ್ದು ನೋಡಿ. ಹಿಂದಿನ ಅಂಚು ಮೇಲೆದ್ದಿದ್ದರೆ ಹಿಂಭಾಗದಲ್ಲಿ ತೀರಾ ಬಿಗಿಯಾಗಿ ಸುತ್ತಿದ್ದೀರಿ. ಬಿಚ್ಚಿ ಮತ್ತೆ ಉಡಲು ಇನ್ನೂ ಹೊತ್ತಿರುತ್ತದೆ.